ರೆನಿಟಾಳ ಚೀಲದಲ್ಲಿ ನಾನಿಟ್ಟದ್ದು

ನಾಲ್ಕು ವರ್ಷಗಳ ಹಿಂದೆ ರೆನಿಟಾಳ ಈಜಿನ ಚೀಲದಲ್ಲಿ ಸಿಕ್ಕಿದ ಆ ವೇಪ್, ಆ ಇ-ಸಿಗರೇಟು, ನನ್ನದು. ಅವಳದಲ್ಲ, ಅವಳ ಗೆಳತಿಯರದಲ್ಲ, ಯಾರೋ ಹುಡುಗರು ಅವಳಿಗೆ ಕೊಟ್ಟದ್ದೂ ಅಲ್ಲ — ನನ್ನದು. ನಾನೇ ನೋಡಿ, ಆರಿಸಿ, ಕೊಂಡದ್ದು. ನನ್ನ ಕೈಯಾರೆ ಅವಳ ಚೀಲದೊಳಗೆ ತುರುಕಿದ್ದು. ಆಮೇಲೆ ಅವಳ ಅಪ್ಪ ಅಮ್ಮನ ಎದುರು ಅದನ್ನು ಕೈಯಲ್ಲಿ ಹಿಡಿದು, ಮೊದಲ ಸಲ ನೋಡುವವಳ ಹಾಗೆ ತಿರುಗಿಸಿ ತಿರುಗಿಸಿ ನೋಡಿದವಳೂ ನಾನೇ.

ಇಷ್ಟನ್ನು ಬರೆಯಲು ನಾಲ್ಕು ವರ್ಷ ಹಿಡಿಯಿತು.

ನನ್ನ ಹೆಸರು ವಸುಧಾ. ಮೈಸೂರಿನವಳು. ಇಲ್ಲಿ ನೈರೋಬಿಯಲ್ಲಿ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಹದಿನೇಳು ವರ್ಷಗಳಿಂದ ಇದ್ದೇನೆ. ಕೆಮ್ಮಿನ ಸಿರಪ್ಪು, ಮಕ್ಕಳ ಜ್ವರದ ಸಿರಪ್ಪು — ನನ್ನ ಸಹಿ ಬೀಳದೆ ಒಂದು ಬ್ಯಾಚೂ ಗೇಟು ದಾಟುವುದಿಲ್ಲ. ಗಂಡ ಶ್ರೀಧರ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಮಗೆ ಮಕ್ಕಳಿಲ್ಲ. ಲಂಗಾಟಾ ಬಡಾವಣೆಯಲ್ಲಿ ನಮ್ಮದು ಮೂರನೆಯ ಮಹಡಿಯ ಮನೆ. ಮೊದಲನೆಯ ಮಹಡಿಯಲ್ಲಿ ಮಂಗಳೂರಿನ ಮೆಲ್ವಿನ್ ಮತ್ತು ಲವೀನಾ. ಮೆಲ್ವಿನ್ ವಿಮಾ ಕಂಪನಿಯಲ್ಲಿ ಮ್ಯಾನೇಜರು. ಲವೀನಾ ಪುಟ್ಟ ಮಕ್ಕಳ ಶಾಲೆಯ ಟೀಚರು. ಅವರ ಒಬ್ಬಳೇ ಮಗಳು ರೆನಿಟಾ.

ಅವಳು ನಾಲ್ಕು ವರ್ಷದವಳಿದ್ದಾಗ ಅವರು ಆ ಮನೆಗೆ ಬಂದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು, ನಮ್ಮ ಮನೆಗೆ ಬಂದರೆ ಕನ್ನಡ — ಆಡಲು ಅಷ್ಟಾಗಿ ಬಾರದು, ಆದರೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ನಾನು ಮಾಡುವ ತಿಳಿಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದಳು. ಹತ್ತನೆಯ ವಯಸ್ಸಿಗೆ ಈಜು ಹಿಡಿದಳು. ಹದಿನಾರಕ್ಕೆ ಶಾಲೆಯ ಈಜು ತಂಡದ ನಾಯಕಿ. ಗುರುವಾರ ಸಂಜೆ ಲವೀನಾಗೆ ಶಾಲೆಯಲ್ಲಿ ಮೀಟಿಂಗು ಇರುತ್ತಿದ್ದುದರಿಂದ ಕ್ಲಬ್ಬಿನ ಈಜುಕೊಳದಿಂದ ಅವಳನ್ನು ಕರೆದು ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಕೆಲಸ ಎನ್ನುವುದು ಸರಿಯಲ್ಲ. ವಾರವಿಡೀ ನಾನು ಕಾಯುತ್ತಿದ್ದುದೇ ಆ ಗುರುವಾರಕ್ಕೆ.

ಈಗ ನನ್ನ ಚಟದ ವಿಷಯ.

ಎಂಎಸ್ಸಿ ಓದುವಾಗ ಹಾಸ್ಟೆಲಿನ ತಾರಸಿಯ ಮೇಲೆ ಕಲಿತ ಸಿಗರೇಟು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಮದುವೆಯಾದ ಮೇಲೂ ಕದ್ದುಮುಚ್ಚಿ ನಡೆದಿತ್ತು. ಶ್ರೀಧರನ ಅಣ್ಣ, ನನ್ನ ಭಾವ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಶ್ರೀಧರ ಏನೋ ಬೇಕಾಗಿ ನನ್ನ ಕೈಚೀಲ ತೆರೆದರು; ಒಳಗೆ ಪ್ಯಾಕೆಟ್ಟಿತ್ತು. ಬೈಯಲಿಲ್ಲ. ನನ್ನ ಕೈಯನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡು, "ಇವತ್ತಿಗೆ ಸಾಕು ಅನ್ನು, ವಸು" ಎಂದರು. ಸಾಕು ಎಂದೆ. ಮನಸ್ಸಿನಿಂದಲೇ ಎಂದೆ. ಆ ಮಾತು ಐದು ತಿಂಗಳು ನಡೆಯಿತು.

ಆಮೇಲೆ ವೇಪ್. ಇದು ಸಿಗರೇಟಲ್ಲವಲ್ಲ, ಹೊಗೆಯಲ್ಲ, ಬರೀ ಆವಿ — ಹಾಗೆಂದು ನನಗೆ ನಾನೇ ವಾದ ಮಾಡಿಕೊಂಡೆ. ಬಟ್ಟೆಗೆ ವಾಸನೆ ಹಿಡಿಯುವುದಿಲ್ಲ. ಶ್ರೀಧರನಿಗೆ ತಿಳಿಯುವುದಿಲ್ಲ. ನಿಜವಾದ ಕಾರಣ ಅದೊಂದೇ.

ಮೊದಲು ಕೊಂಡದ್ದು ಪೆನ್ನಿನಷ್ಟು ಸಣ್ಣದು. ಅದಕ್ಕೆ ಹಾಕುವ ತೆಳು ಲಿಕ್ವಿಡ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚು. ಅದು ನನ್ನ ಗಂಟಲಿಗೆ ಆಗಿಬರಲಿಲ್ಲ. ಕೆರೆತ, ತುಟಿಯ ಸುತ್ತ ಗುಳ್ಳೆ. ಸರಿ, ಬಹುಪಾಲು ಗ್ಲಿಸರಿನ್ನೇ ಇರುವ ಮಂದ ಲಿಕ್ವಿಡ್ ತಂದು ಅದೇ ಪೆನ್ನಿಗೆ ತುಂಬಿದೆ. ಎರಡು ಎಳೆತ ಎಳೆಯುವುದರೊಳಗೆ ಒಳಗಿನ ಹತ್ತಿ ಸುಟ್ಟು ಕರಕಲು ರುಚಿ ಬಂತು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೆಮ್ಮಿದ ಕೆಮ್ಮಿಗೆ ಶ್ರೀಧರ ಹೊರಗಿನಿಂದ, "ಏನಾಯ್ತೇ?" ಎಂದು ಬಾಗಿಲು ಬಡಿದರು. ಧೂಳು ಎಂದೆ.

ಬಿಟ್ಟುಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಬಿಡಲಿಲ್ಲ — ಸರಿಯಾದ ಸಾಮಾನು ಹುಡುಕಲು ಹೊರಟೆ.

ಪಂಗಾನಿ ಪೇಟೆಯಲ್ಲಿ ಮೊಬೈಲು ರಿಪೇರಿಯವರ ಸಾಲಿನಲ್ಲಿ ಒಂದು ಕಿರಿದಾದ ಅಂಗಡಿ. ನಡುವಯಸ್ಸಿನ ಹೆಂಗಸು ಕೂತಿದ್ದಳು. ನನ್ನ ಪೆನ್ನನ್ನೂ ಬಾಟಲಿಯನ್ನೂ ನೋಡಿ ನಕ್ಕಳು.

"ಪೋಲೆ, ಮದಾಮ್. ಯುವರ್ ಜೂಸ್ ಈಸ್ ನ್ಜಿಟೊ. ದಿಸ್ ಒನ್ ಕಾಂಟ್ ಡ್ರಿಂಕ್ ಇಟ್."

ಪೋಲೆ ಎಂದರೆ ಪಾಪ; ಜೂಸ್ ಎಂದದ್ದು ನನ್ನ ಲಿಕ್ವಿಡ್‌ಗೆ; ನ್ಜಿಟೊ ಎಂದರೆ ಮಂದ, ಭಾರ. ಇದಕ್ಕೆ ಅದನ್ನು ಕುಡಿಯುವ ಶಕ್ತಿಯಿಲ್ಲ ಎಂದಳು. ಒಂದೊಂದಾಗಿ ಸಾಮಾನು ಹೊರಗಿಟ್ಟು ತೋರಿಸಿದಳು. ಮಂದ ಲಿಕ್ವಿಡ್‌ಗೆ, ಅದನ್ನು ಬಿಸಿ ಮಾಡುವ ತಂತಿಸುರುಳಿಯ, ಅಂದರೆ ಕಾಯಿಲ್‌ನ, ಪಕ್ಕದ ತೂತುಗಳು ದೊಡ್ಡವಿರಬೇಕು, ಇಲ್ಲದಿದ್ದರೆ ಹತ್ತಿಗೆ ತೇವ ಮುಟ್ಟುವ ಮೊದಲೇ ಬಿಸಿ ಮುಟ್ಟುತ್ತದೆ. ಕಾಯಿಲ್‌ನ ಪ್ರತಿರೋಧ ಕಡಿಮೆ ಇರಬೇಕು, ಬ್ಯಾಟರಿ ಗಟ್ಟಿಯಿರಬೇಕು, ಗಾಳಿ ಬರುವ ದಾರಿ ಅಗಲವಿರಬೇಕು. ಹೊಸ ಕಾಯಿಲ್ ಹಾಕಿದರೆ ಹತ್ತು ನಿಮಿಷ ಸುಮ್ಮನೆ ಇಡಬೇಕು, ಹತ್ತಿ ಪೂರಾ ನೆನೆಯುವ ತನಕ.

ನನಗೆ ಅದರಲ್ಲಿ ಎಂಥ ಹುಮ್ಮಸ್ಸು ಬಂತೆಂದರೆ — ಹೇಳಲು ನಾಚಿಕೆಯಾಗುತ್ತದೆ. ಇಪ್ಪತ್ತೈದು ವರ್ಷ ಗ್ಲಿಸರಿನ್ನಿನ ಜೊತೆ ಬಾಳಿದವಳು ನಾನು. ಅದು ಚಳಿಗೆ ಹೇಗೆ ಮಂದವಾಗುತ್ತದೆ, ಎಷ್ಟು ಬಿಸಿಗೆ ಹರಿಯುತ್ತದೆ, ಎಲ್ಲವೂ ಗೊತ್ತು. ಮೂರು ಸಲ ಆ ಅಂಗಡಿಗೆ ಹೋದೆ. ಎರಡು ಟ್ಯಾಂಕು ಹೋಲಿಸಿ ನೋಡಿದೆ. ಕೊನೆಗೆ ಸ್ನಾನದ ಸೋಪಿನ ಅರ್ಧದಷ್ಟು ದೊಡ್ಡ ಬ್ಯಾಟರಿ, ಅದರ ಮೇಲೆ ಗಾಜಿನ ದಪ್ಪ ಟ್ಯಾಂಕು, ಅಗಲ ತೂತಿನ ಕಾಯಿಲ್. ಇಲ್ಲಿನ ಜುಲೈ ತಿಂಗಳ ಚಳಿಗೆ ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತುಂಬುತ್ತಿದ್ದೆ. ಸುವಾಸನೆ ವೆನಿಲಾ ಕೇಕಿನದು. ಸುಡಲಿಲ್ಲ, ಕೆಮ್ಮಿಸಲಿಲ್ಲ. ಬ್ಯಾಚು ಪಾಸಾದಾಗ ಆಗುವ ಸಂತೋಷವೇ ಆಯಿತು. ಗಂಡನ ತಲೆಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ಮುರಿಯುವ ಕೆಲಸದಲ್ಲೂ ನಾನು ಅಚ್ಚುಕಟ್ಟು.

ಆ ಗುರುವಾರ ಜುಲೈ ತಿಂಗಳಿನದೇ. ಬೆಳಗಿನಿಂದ ಬಿಸಿಲೇ ಇಲ್ಲ. ಕ್ಲಬ್ಬಿನ ಕಾರು ನಿಲ್ಲಿಸುವ ಜಾಗದಲ್ಲಿ ಕಾಯುತ್ತಿದ್ದೆ. ರೆನಿಟಾ ಒದ್ದೆ ಕೂದಲಿನಲ್ಲಿ ಓಡಿ ಬಂದು ಚೀಲವನ್ನು ಹಿಂದಿನ ಸೀಟಿಗೆ ಎಸೆದಳು. "ಟೂ ಮಿನಿಟ್ಸ್, ಆಂಟಿ! ಕೋಚ್ ಈಸ್ ಕಾಲಿಂಗ್" ಎಂದು ಮತ್ತೆ ಒಳಗೆ ಓಡಿದಳು. ಮುಂದಿನ ತಿಂಗಳು ಕಂಪಾಲಾದಲ್ಲಿ ಪಂದ್ಯವಿತ್ತು. ಅದರ ಮಾತು ಇರಬೇಕು.

ಎರಡು ನಿಮಿಷ. ಕಿಟಕಿ ಇಳಿಸಿ, ಕೈಚೀಲದಿಂದ ತೆಗೆದು, ಒಂದೇ ಒಂದು ಎಳೆತ ಎಳೆದೆ.

ಪಕ್ಕದ ಕನ್ನಡಿಯಲ್ಲಿ ಶ್ರೀಧರ ಕಂಡರು.

ಅವರು ಅಲ್ಲಿಗೆ ಬರುವವರೇ ಅಲ್ಲ. ಅವರ ಕಾರು ಗ್ಯಾರೇಜಿನಲ್ಲಿತ್ತಂತೆ, ಬಾಡಿಗೆಯ ಮಟಾಟು ವ್ಯಾನಿನಲ್ಲಿ ಬರುವಾಗ ನನ್ನ ಗುರುವಾರ ನೆನಪಾಗಿ, ಒಟ್ಟಿಗೆ ಮನೆಗೆ ಹೋಗೋಣವೆಂದು ಇಳಿದಿದ್ದರು. ಇಪ್ಪತ್ತು ಹೆಜ್ಜೆ ದೂರ. ಮುಖದಲ್ಲಿ ನಗು. ನನ್ನ ಕೈಚೀಲ ಮುಂದಿನ ಸೀಟಿನಲ್ಲಿ, ಅವರು ಬಂದು ಕೂರುವ ಜಾಗದಲ್ಲೇ ಇತ್ತು. ಕೂತ ತಕ್ಷಣ ಪೆಪ್ಪರ್‌ಮಿಂಟಿಗಾಗಿ ಅದರೊಳಗೆ ಕೈ ಹಾಕುವುದು ಅವರ ಅಭ್ಯಾಸ. ಹದಿನೈದು ಹೆಜ್ಜೆ. ಹತ್ತು. ಹಿಂದಕ್ಕೆ ತಿರುಗಿದೆ. ರೆನಿಟಾಳ ಚೀಲದ ಜಿಪ್ಪು ತೆರೆದಿತ್ತು. ಮೇಲೆ ಒದ್ದೆ ಟವೆಲು. ಅದರ ಕೆಳಗೆ ತುರುಕಿದೆ.

ಕೈ ಜಾರಿ ಬಿದ್ದದ್ದಲ್ಲ. ನೋಡಿ, ಯೋಚಿಸಿ ತುರುಕಿದೆ. ಯೋಚಿಸಲು ಮೂರು ಹೆಜ್ಜೆಯಷ್ಟೇ ಸಮಯವಿತ್ತು, ಆದರೆ ಯೋಚಿಸಿದ್ದಂತೂ ನಿಜ — ಮನೆಗೆ ಹೋಗಿ ಇಳಿಯುವಾಗ ತೆಗೆದುಕೊಂಡರಾಯಿತು ಎಂದು.

"ಏನು ಸಿಹಿ ವಾಸನೆ ಕಾರಲ್ಲಿ? ಕೇಕ್ ತಂದಿದೀಯಾ?" ಎಂದರು ಶ್ರೀಧರ.

"ಏರ್ ಫ್ರೆಶ್‌ನರ್" ಎಂದೆ.

ದಾರಿಯುದ್ದಕ್ಕೂ ಲಂಗಾಟಾ ರಸ್ತೆಯ ಟ್ರಾಫಿಕ್ಕು. ರೆನಿಟಾ ಹಿಂದೆ ಕೂತು ಕಂಪಾಲಾದ ಬಗ್ಗೆ ಶ್ರೀಧರನಿಗೆ ಹೇಳುತ್ತಿದ್ದಳು. ಅವಳ ಮೊಣಕೈ ಆ ಚೀಲದ ಮೇಲಿತ್ತು. ನಾನು ಕನ್ನಡಿಯಲ್ಲಿ ಆ ಮೊಣಕೈಯನ್ನೇ ನೋಡುತ್ತಿದ್ದೆ. ಗೇಟಿನೊಳಗೆ ಕಾರು ನಿಂತಿತೋ ಇಲ್ಲವೋ, ಶ್ರೀಧರ ಇಳಿದು, "ಚಾಂಪಿಯನ್ ಮೇಡಂ ಲಗೇಜು" ಎಂದು ತಮಾಷೆ ಮಾಡುತ್ತ ಚೀಲವನ್ನು ಎತ್ತಿ ಅವಳ ಹೆಗಲಿಗೇರಿಸಿದರು. ಅವಳು ಎರಡೆರಡು ಮೆಟ್ಟಿಲು ಹಾರುತ್ತ ಹೋದಳು.

ಕರೆಯಬಹುದಿತ್ತು. "ರೆನಿ, ಒಂದು ನಿಮಿಷ" — ಅಷ್ಟೇ. ಶ್ರೀಧರ ಪಕ್ಕದಲ್ಲಿ ನಿಂತಿದ್ದರು. ನಾನು ಕರೆಯಲಿಲ್ಲ. ಮನೆಗೆ ಹೋಗಿ ಫೋನು ಕೈಯಲ್ಲಿ ಹಿಡಿದೆ. ಏನೆಂದು ಬರೆಯುವುದು? ನಿನ್ನ ಚೀಲದಲ್ಲಿ ನನ್ನ ಸಾಮಾನಿದೆ, ಯಾರಿಗೂ ತೋರಿಸಬೇಡ ಎಂದೇ? ಬರೆದೆ, ಅಳಿಸಿದೆ. ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟೆ. ಮತ್ತೆ ಬರೆದೆ. ಮೂರನೆಯ ಸೀಟಿ ಕೂಗುವ ಹೊತ್ತಿಗೆ ಲವೀನಾ ಫೋನು ಮಾಡಿದರು.

"ವಸುಧಾ, ಸ್ವಲ್ಪ ಕೆಳಗೆ ಬರ್ತೀರಾ? ಒಬ್ಬರೇ ಬನ್ನಿ ಮಾರಾಯ್ರೆ."

ಮೆಟ್ಟಿಲು ಇಳಿಯುವಾಗ ಒಂದು ಸಂಗತಿ ನಿಶ್ಚಯ ಮಾಡಿಕೊಂಡೆ — ಹೇಳಿಬಿಡುತ್ತೇನೆ. ಅದು ಸುಳ್ಳಲ್ಲ. ಬಾಗಿಲು ತಟ್ಟುವ ತನಕ ಆ ನಿಶ್ಚಯ ಇತ್ತು.

ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಅದನ್ನು ಇಟ್ಟಿದ್ದರು. ಒಗೆಯಲೆಂದು ಲವೀನಾ ಟವೆಲು ಎಳೆದಾಗ ನೆಲಕ್ಕೆ ಬಿದ್ದಿತ್ತಂತೆ. ಗಾಜಿಗೆ ಏನೂ ಆಗಿರಲಿಲ್ಲ. ಮೆಲ್ವಿನ್ ಆಫೀಸಿನ ಬಟ್ಟೆಯಲ್ಲೇ ನಿಂತಿದ್ದರು. ರೆನಿಟಾ ಕುರ್ಚಿಯಲ್ಲಿ, ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು.

"ನೀವು ಕೆಮಿಸ್ಟ್ ಅಲ್ವಾ," ಎಂದರು ಮೆಲ್ವಿನ್. "ಇದರಲ್ಲಿ ಎಂತ ಉಂಟು, ನೀವೇ ನೋಡಿ ಹೇಳಿ. ಡ್ರಗ್ಸ್ ಎಂತಾದರೂ ಉಂಟಾ?"

"ಆಂಟಿ, ಟೆಲ್ ದೆಮ್," ಎಂದಳು ರೆನಿಟಾ. "ಇಟ್ಸ್ ನಾಟ್ ಮೈನ್. ಟೆಲ್ ದೆಮ್, ಪ್ಲೀಸ್."

ಎತ್ತಿಕೊಂಡೆ. ನನ್ನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿ ಕೂತಿತು, ಹೆದರಿ ತೆಗೆದೆ. ಟ್ಯಾಂಕನ್ನು ಓರೆ ಮಾಡಿದೆ. ಒಳಗಿನ ಲಿಕ್ವಿಡ್ ನಿಧಾನವಾಗಿ, ಪಾಕದ ಹಾಗೆ ಇನ್ನೊಂದು ಬದಿಗೆ ಜರುಗಿತು. ಮೂವರೂ ನನ್ನ ಮುಖ ನೋಡುತ್ತಿದ್ದರು. ಮೂಸಿದೆ — ಮೂಸುವ ನಾಟಕ ಆಡಿದೆ.

"ಡ್ರಗ್ಸ್ ಅಲ್ಲ. ಗ್ಲಿಸರಿನ್. ಸ್ವಲ್ಪ ನಿಕೋಟಿನ್ ಇರಬಹುದು."

ಮೆಲ್ವಿನ್ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. ಧ್ವನಿ ಮೆತ್ತಗಾಯಿತು. "ಹಾಗಾದರೆ ಇದು… ಈ ಪ್ರಾಯದ ಮಕ್ಕಳು ಸುಮ್ಮನೆ ಒಮ್ಮೆ ಟ್ರೈ ಮಾಡುವಂಥದ್ದು ಅಷ್ಟೇ ಅಲ್ವಾ? ಫ್ರೆಂಡ್ಸ್ ಕೊಟ್ಟಿರಬಹುದು?"

ಅವರು ಮಗಳನ್ನು ಕ್ಷಮಿಸಲು ಒಂದು ದಾರಿ ಹುಡುಕುತ್ತಿದ್ದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನದು ಎಂದಿದ್ದರೆ ಸರಿಯಾಗಿ ಮುಗಿಯುತ್ತಿತ್ತು. ನಾನು ಎರಡೂ ಹೇಳಲಿಲ್ಲ. ಇದು ಮಗುವಿನದಲ್ಲ, ದೊಡ್ಡವರ ಸಾಮಾನು ಎಂದು ಸೂಚಿಸಿದರೆ ಅವಳು ಪಾರಾಗುತ್ತಾಳೆ, ನನ್ನ ಹೆಸರೂ ಬರುವುದಿಲ್ಲ — ಅಂಥದ್ದೊಂದು ಜಾಣತನ ಬಾಯಿಗೆ ಬಂತು.

"ಇದು ಮಕ್ಕಳು ಸುಮ್ನೆ ಟ್ರೈ ಮಾಡೋ ಅಂಥದ್ದಲ್ಲ," ಎಂದೆ. "ಮಂದ ಲಿಕ್ವಿಡ್‌ಗೆ ಅಂತಾನೇ ನೋಡಿ ಆರಿಸಿರೋದು. ಬಹಳ ದಿನದಿಂದ ಬಳಸಿ, ಚೆನ್ನಾಗಿ ಗೊತ್ತಿರೋರು ಮಾತ್ರ ಇಂಥದ್ದು ತಗೋತಾರೆ."

ಮೆಲ್ವಿನ್ ಮಗಳ ಕಡೆ ತಿರುಗಿದರು. ಆ ಮುಖ ಬದಲಾದದ್ದನ್ನು ನಾನು ನೋಡಿದೆ.

"ಬಹಳ ದಿನದಿಂದ," ಎಂದರು.

"ಡ್ಯಾಡ್, ನೋ —"

"ಎಷ್ಟು ದಿನದಿಂದ?"

ಆಗಲಾದರೂ… ಬಾಯಿ ತೆರೆದೆ ಎಂದು ನೆನಪು. ಮಾತು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾತು ಬಂದಿತ್ತು, ನುಂಗಿದೆ. ಲವೀನಾ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತ ಅಳುತ್ತಿದ್ದರು. ರೆನಿಟಾ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ — ಯಾರಾದರೂ ಬಸ್ಸಿಗೆ ಕಾಯುವಾಗ ದಾರಿ ನೋಡುತ್ತಾರಲ್ಲ, ಹಾಗೆ. ನಾನು ಪೇಪರಿನ ಮೇಲಿನ ಯಾವುದೋ ಜಾಹೀರಾತು ಓದಿದೆ.

ಮೆಲ್ವಿನ್ ಕೈ ಎತ್ತುವವರಲ್ಲ. ಎದ್ದು ಹೋಗಿ ಅವಳ ಈಜಿನ ಚೀಲವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ನಾನು ಹೊರಡುವಾಗ ಪೇಪರು ಸಮೇತ ಆ ವೇಪನ್ನು ಸುತ್ತಿ ನನ್ನ ಕೈಗೇ ಕೊಟ್ಟರು. "ನಿಮ್ಮ ಲ್ಯಾಬಿನಲ್ಲಿ ನಾಶ ಮಾಡಿಬಿಡಿ. ಈ ಮನೆಯಲ್ಲಿ ಬೇಡ."

ಹೀಗೆ ಅದು ನನಗೇ ವಾಪಸು ಬಂತು.

ಮರುದಿನ ಮೆಲ್ವಿನ್ ತಾವಾಗಿಯೇ ಹೋಗಿ ಕೋಚ್‌ಗೆ ಹೇಳಿದರು. ಮುಚ್ಚಿಡುವ ಮನುಷ್ಯರಲ್ಲ ಅವರು. ನಾಯಕಿಯ ಸ್ಥಾನ ಹೋಯಿತು, ಕಂಪಾಲಾ ಹೋಯಿತು. ತಂಡದ ಇನ್ನೊಬ್ಬ ಹುಡುಗಿಯ ಮನೆಯವರು ನಮ್ಮ ಕನ್ನಡ ಸಂಘದವರು. ಆ ದಾರಿಯಲ್ಲಿ ಸುದ್ದಿ ನೈರೋಬಿಯ ಕನ್ನಡದವರ ಮನೆಮನೆಗೂ ತಲುಪಿತು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಬ್ಬರು ನನ್ನನ್ನೇ ಕೇಳಿದರು, "ನಿಮ್ಮ ಕೆಳಗಿನ ಮನೆ ಹುಡುಗಿಯಂತೆ?" ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಾನು ಹೇಳಿದೆ: "ಪಾಪ, ಬಿಡಿ." ಅವಳ ಪರವಾಗಿ ಆಡಿದ ಮಾತು ಎಂಬಂತೆ ಅದು ಕೇಳಿಸಿತು. ಅವಳ ಮೇಲೆ ಇನ್ನೊಂದು ಮುದ್ರೆ ಒತ್ತಿದ ಮಾತು ಅದು.

ಇನ್ನೊಂದು ಸಂಗತಿಯಿದೆ. ಅದನ್ನು ಬಿಟ್ಟು ಬರೆಯಲು ಬಹಳ ಪ್ರಯತ್ನಪಟ್ಟೆ. ಆ ವೇಪನ್ನು ನಾನು ನಾಶ ಮಾಡಲಿಲ್ಲ. ಎಂಟು ದಿನ ಕಾರ್ಖಾನೆಯ ನನ್ನ ಮೇಜಿನ ಡ್ರಾಯರಿನಲ್ಲಿ ಪೇಪರಿನ ಸುರುಳಿಯಲ್ಲೇ ಇತ್ತು. ಒಂಬತ್ತನೆಯ ದಿನ ಬಿಚ್ಚಿದೆ. ಟ್ಯಾಂಕು ತೊಳೆದೆ. ಹೊಸ ಕಾಯಿಲ್ ಹಾಕಿದೆ. ಹತ್ತು ನಿಮಿಷ ಕಾದೆ.

ಡಿಸೆಂಬರಿನಲ್ಲಿ ರೆನಿಟಾಳನ್ನು ಮಂಗಳೂರಿಗೆ, ಲವೀನಾಳ ಅಕ್ಕನ ಮನೆಗೆ ಕಳಿಸುವುದೆಂದು ನಿರ್ಧಾರವಾಯಿತು. ಅಲ್ಲೇ ಕಾಲೇಜು. ಇಲ್ಲಿನ ಸಹವಾಸ ಬೇಡ ಎಂದು ಮೆಲ್ವಿನ್ ಹೇಳಿದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಮೇಲೆ ಬಂದಳು. ಶ್ರೀಧರ ಇರಲಿಲ್ಲ. ನಾನು ಹಿಂದೆ ಎಂದೋ ಕೊಟ್ಟಿದ್ದ ಎರಡು ಪುಸ್ತಕ ಹಿಂತಿರುಗಿಸಲು ಬಂದಿದ್ದಳು. ಒಳಗೆ ಬಾ ಎಂದೆ. ಬರಲಿಲ್ಲ, ಬಾಗಿಲಲ್ಲೇ ನಿಂತಳು. ಐದು ತಿಂಗಳು ನೀರಿಗಿಳಿಯದ ಹುಡುಗಿ. ಭುಜ ಸಣ್ಣದಾದ ಹಾಗೆ ಕಂಡಿತು.

"ಆಂಟಿ, ಐ ನೋ ಇಟ್ಸ್ ಯುವರ್ಸ್," ಎಂದಳು. "ನಿಮ್ಮ ಕಾರಲ್ಲಿ ಆಲ್ವೇಸ್ ದಟ್ ಕೇಕ್ ಸ್ಮೆಲ್."



"ಯಾಕೆ ಹೇಳಲಿಲ್ಲ ನೀನು?" — ನಾನು ಕೇಳಿದ್ದು ಇದು. ಅವಳನ್ನು, ನಾನು!

"ಐ ವಾಸ್ ವೇಟಿಂಗ್ ಫಾರ್ ಯೂ ಟು ಸೇ ಇಟ್."

ಆಗ ಅವಳ ಕಾಲಿಗೆ ಬೀಳಬೇಕಿತ್ತು. ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಬೇಕಿತ್ತು. ಮಾರನೆಯ ದಿನದ ವಿಮಾನಕ್ಕೆ ಇನ್ನೂ ಹದಿನೆಂಟು ಗಂಟೆ ಇತ್ತು. ನಾನು ಮೆಟ್ಟಿಲಿನ ಕಡೆ ಒಮ್ಮೆ ನೋಡಿ — ಯಾರಾದರೂ ಇದ್ದಾರೆಯೇ ಎಂದು ನೋಡಿ — ಮೆಲ್ಲಗೆ ಹೇಳಿದೆ:

"ಯಾರಿಗೂ ಹೇಳಬೇಡ, ಪುಟ್ಟಿ."

ಅವಳು ತಲೆಯಾಡಿಸಿದಳು. ಕೊಟ್ಟ ಮಾತನ್ನು ನಾಲ್ಕು ವರ್ಷ ಉಳಿಸಿಕೊಂಡಳು. ಚೀಲದಲ್ಲಿ ತುರುಕಿದ್ದು ಭಯಕ್ಕೆ. ಮೇಜಿನ ಮುಂದೆ ಆಡಿದ್ದು ಹೇಡಿತನಕ್ಕೆ. ಆದರೆ ಇದು — ಇದಕ್ಕೆ ನನ್ನ ಬಳಿ ಹೆಸರಿಲ್ಲ.

ಅವಳು ಮತ್ತೆ ಈಜಲಿಲ್ಲ. ರಜೆಗೆ ಬಂದಾಗ ಸಿಕ್ಕರೆ "ಹಾಯ್ ಆಂಟಿ" ಎಂದು ಹೋಗುತ್ತಿದ್ದಳು. ಎರಡೂ ಮನೆಯ ದೊಡ್ಡವರು ಗೆಳೆಯರಾಗಿಯೇ ಉಳಿದೆವು — ಕ್ರಿಸ್‌ಮಸ್ಸಿಗೆ ಲವೀನಾ ಕುಸ್ವಾರಿನ ಸಿಹಿತಿಂಡಿಗಳ ತಟ್ಟೆ ಕಳಿಸುವುದು, ಯುಗಾದಿಗೆ ನಾನು ಒಬ್ಬಟ್ಟು ಕೊಡುವುದು ಎಲ್ಲ ನಡೆದೇ ಇತ್ತು.

ಹೋದ ತಿಂಗಳು ಒಂದು ಸಂಜೆ ಕಾಂಪೌಂಡಿನಲ್ಲಿ ನಡೆಯುತ್ತಿದ್ದಾಗ ಮೆಲ್ವಿನ್ ಜೊತೆಯಾದರು. ರೆನಿಟಾ ಈ ಸಲದ ರಜೆಗೂ ಬರುವುದಿಲ್ಲವೆಂದಿದ್ದಾಳೆ ಎಂದರು. ಆಮೇಲೆ, ನಾನು ಕೇಳದೆಯೇ ಹೇಳಿದರು:

"ನಿಮಗೆ ಗೊತ್ತುಂಟಾ ವಸುಧಾ, ಅವಳು ಸೇದಿದ್ದು ನಾನು ಯಾವಾಗಲೋ ಮರೆತೆ. ಮಕ್ಕಳು ತಪ್ಪು ಮಾಡ್ತಾರೆ. ಆದರೆ ಇವತ್ತಿಗೂ ನನ್ನದಲ್ಲ ಅಂತಲೇ ಹೇಳ್ತಾಳೆ. ಒಮ್ಮೆ ಹೌದು ಪಪ್ಪಾ ಅಂದಿದ್ದರೆ ಸಾಕಿತ್ತು. ಆ ಸುಳ್ಳು ನಮ್ಮಿಬ್ಬರ ಮಧ್ಯೆ ಕೂತುಬಿಟ್ಟಿದೆ."

ಅವರ ಕಣ್ಣು ತುಂಬಿತ್ತು. ನಾನು ಮನೆಗೆ ಬಂದೆ. ಅಡುಗೆಮನೆಯಲ್ಲಿ ನೀರಿನ ನಲ್ಲಿ ಬಿಟ್ಟುಕೊಂಡು ನಿಂತೆ. ಒಬ್ಬ ತಂದೆ ತನ್ನ ಮಗಳ ಸತ್ಯವನ್ನು ಸುಳ್ಳೆಂದು ತಿಳಿದು ಕ್ಷಮಿಸಲು ಹೆಣಗುತ್ತಿದ್ದಾನೆ, ಮತ್ತು ನಾನು ಅವನ ಜೊತೆ ವಾಕಿಂಗು ಹೋಗುತ್ತಿದ್ದೇನೆ.

ಶ್ರೀಧರ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಆಣೆ ಮುರಿದದ್ದರಿಂದ ಹಿಡಿದು ಪುಟ್ಟಿ ಎಂದದ್ದರ ತನಕ. ಶರ್ಟಿನ ತೋಳು ಮಡಚುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು.

"ಆ ಚೀಲ ಅವಳ ಹೆಗಲಿಗೆ ಹಾಕಿದವನು ನಾನು," ಎಂದರು. "ಆಣೆ ವಿಷಯ ಆಮೇಲೆ ನೋಡೋಣ. ಮೆಲ್ವಿನ್‌ಗೆ ಹೇಳಿದ್ಯಾ?" ಎಂದು ಕೇಳಿದರು.

"ಇಲ್ಲ."

"ಹಾಗಾದರೆ ನನಗೆ ಯಾಕೆ ಹೇಳ್ತಿದೀಯ?"

ಭಾನುವಾರ ಮೆಲ್ವಿನ್, ಲವೀನಾ ಚರ್ಚಿನಿಂದ ಬಂದ ಮೇಲೆ ಕೆಳಗೆ ಹೋದೆ. ಶ್ರೀಧರ ಜೊತೆಗೆ ಬರುತ್ತೇನೆಂದರು; ಬೇಡವೆಂದೆ. ಆ ವೇಪನ್ನು ಅದೇ ಊಟದ ಮೇಜಿನ ಮೇಲಿಟ್ಟೆ. ಲವೀನಾ ಕಾಫಿ ತರುತ್ತಿದ್ದರು. ನಾನು ನಿಂತೇ ಹೇಳಿದೆ. ಲವೀನಾ ನನಗೆಂದು ತಂದಿದ್ದ ಲೋಟವನ್ನು ತಿರುಗಿ ಒಳಗೆ ತೆಗೆದುಕೊಂಡು ಹೋದರು. ಸಿಂಕಿಗೆ ಸುರಿದ ಸದ್ದು ಕೇಳಿಸಿತು. ಅವರು ಮತ್ತೆ ಹೊರಗೆ ಬರಲಿಲ್ಲ.

ಮೆಲ್ವಿನ್ ಫೋನು ತೆಗೆದುಕೊಂಡು ಮಲಗುವ ಕೋಣೆಗೆ ಹೋದರು. ಬಾಗಿಲು ಪೂರ್ತಿ ಹಾಕಿಕೊಂಡಿರಲಿಲ್ಲ. ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಹದಿನಾರು ವರ್ಷದ ನೆರೆಯಲ್ಲಿ ನನಗೆ ಅಷ್ಟಿಷ್ಟು ತಿಳಿಯುತ್ತದೆ. "ಮ್ಹಾಕಾ ಭೊಗ್ಶಿ, ಪುತಾ" ಎಂದರು. ನನ್ನನ್ನು ಕ್ಷಮಿಸು ಮಗಳೇ ಎಂದು. ಮತ್ತೆ ಅದನ್ನೇ ಎಂದರು. ತಪ್ಪು ಮಾಡಿದವಳು ಹೊರಗೆ ನಿಂತಿದ್ದೆ. ಕ್ಷಮೆ ಕೇಳುತ್ತಿದ್ದವರು ಅವರು.

ಹೊರಗೆ ಬಂದಾಗ ಅವರ ಮುಖ ಒದ್ದೆಯಾಗಿತ್ತು; ಒರೆಸಿಕೊಂಡಿರಲಿಲ್ಲ.

"ನೀವು ಅವತ್ತು ಹೇಳಿದ್ದು ಈ ಮನೆಯ ಒಳಗೆ," ಎಂದರು. "ಅದು ಊರೆಲ್ಲ ಹೋಯ್ತು. ಇವತ್ತು ಹೇಳಿದ್ದೂ ಈ ಮನೆಯ ಒಳಗೇ. ಇದು ಯಾವಾಗ ಹೊರಗೆ ಹೋಗುವುದು?"

ಅದಕ್ಕೇ ಇದನ್ನು ಬರೆದಿದ್ದೇನೆ. ರೆನಿಟಾಳ ಹೆಸರು ಹಾಕಬಹುದೇ ಎಂದು ಮೆಲ್ವಿನ್ ಮೂಲಕ ಅವಳನ್ನೇ ಕೇಳಿಸಿದೆ. "ಆ ಕಥೆ ಹರಡಿದ್ದು ನನ್ನ ಹೆಸರಿನಲ್ಲಿ, ಈ ಕಥೆಯಲ್ಲೂ ಅದು ಇರಲಿ" ಎಂದಳಂತೆ. ನನಗೆ ಅವಳಿಂದ ಬಂದದ್ದು ಒಂದೇ ಮೆಸೇಜು: "ಥ್ಯಾಂಕ್ಸ್ ಫಾರ್ ಟೆಲಿಂಗ್ ಡ್ಯಾಡ್. ಪ್ಲೀಸ್ ಡೋಂಟ್ ಕಾಲ್ ಮಿ." ನಾನು ಫೋನು ಮಾಡಿಲ್ಲ. ಮಾಡುವುದೂ ಇಲ್ಲ.

ಚಟ ಬಿಟ್ಟೆಯಾ ಎಂದು ಕೇಳುವವರಿಗೆ — ಆ ಭಾನುವಾರದಿಂದ ಮುಟ್ಟಿಲ್ಲ. ಕಾರಿನಲ್ಲಿ ಕೂತರೆ ಕೈ ಇನ್ನೂ ಹುಡುಕುತ್ತದೆ. ಅದನ್ನು ಪ್ರಾಯಶ್ಚಿತ್ತದ ಲೆಕ್ಕಕ್ಕೆ ನಾನು ಹಿಡಿಯುತ್ತಿಲ್ಲ.

ಬರುವ ಭಾನುವಾರ ಸಂಘದ ಸಭೆಯಲ್ಲಿ ಇದನ್ನು ನಾನೇ ನಿಂತು ಓದುತ್ತೇನೆ. ಲವೀನಾ ಬರುವುದಿಲ್ಲ. ಮೆಲ್ವಿನ್ ಬರುತ್ತಾರೆ. ಬರೆದದ್ದರ ಒಂದು ಪ್ರತಿಯನ್ನು ಅವರಿಗೆ ಕೊಟ್ಟಿದ್ದೇನೆ. "ಸಭೆಯ ಕೊನೆಯ ಸಾಲಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ಕೂರುತ್ತೇನೆ, ನೀವು ಒಂದು ವಾಕ್ಯ ಹಾರಿಸಿದರೂ ಅಲ್ಲಿಂದಲೇ ಎದ್ದು ಓದುತ್ತೇನೆ" ಎಂದಿದ್ದಾರೆ.

ಓದಲಿ. ನಾನು ಹಾರಿಸುವುದಿಲ್ಲ.